ಕ್ನಿಫಿನ್ನರ ಕೊಟ್ಟಿಗೆಯಲ್ಲಿ ಹೆಣ್ಣಾಯ್ತು

ವುಡ್‌ಸ್ಟಾಕ್ ಎಂಬ ಊರು ಬೇರೆ, ವುಡ್‌ಸ್ಟಾಕ್ ಹೆಸರಿನ 1969ರ ಸಂಗೀತದ ಹಬ್ಬ ನಡೆದ ಬೆಥೆಲ್ ಎಂಬ ಊರು ಬೇರೆ. ಬೆಥೆಲ್ಲಿನವರು ಇದನ್ನು ಅರ್ಧ ಶತಮಾನದಿಂದ ಬಂದವರಿಗೆಲ್ಲ ಹೇಳುತ್ತಲೇ ಇದ್ದಾರೆ. ಆದರೂ ಪ್ರತಿ ಆಗಸ್ಟಿನಲ್ಲಿ ಯಾರಾದರೊಬ್ಬರು ಮೊದಲು ಆ ಇನ್ನೊಂದು ಊರಿಗೆ ಹೋಗಿ, ಅಂಗಡಿಯಲ್ಲಿ ಮೇಣದಬತ್ತಿ ಕೊಂಡು, ಹಾಡಿನ ಬಯಲೆಲ್ಲಿ ಎಂದು ವಿಚಾರಿಸಿ, ಬೆಟ್ಟ ಸುತ್ತಿ ಸುಸ್ತಾಗಿ ಬಂದು ಕ್ನಿಫಿನ್ನರ ಅಂಗಳದಲ್ಲಿ ಕಾರು ನಿಲ್ಲಿಸುತ್ತಾರೆ. ಆರ್ಡಿತ್ ಕ್ನಿಫಿನ್ ಅವರಿಗೆ ನೀರು ಕೊಟ್ಟು ದಾರಿ ತೋರಿಸುತ್ತಾಳೆ. ಅವಳ ಅಣ್ಣ ಮೆರಿಟ್ ಜಗಲಿಯ ಕುರ್ಚಿಯಿಂದ ಏಳದೆ, "ತಡ ಮಾಡ್ಬಿಟ್ರಲ್ರೀ, ಹಾಡೋರೆಲ್ಲ ಮನೆಗ್ ಹೋದ್ರು" ಎನ್ನುತ್ತಾನೆ.

ಈ ಸಲ ಬಂದ ಫೋನು ದಾರಿ ಕೇಳುವವರದಲ್ಲ. ಬಯಲಿನ ಮೇಲ್ಗಡೆ ಕಟ್ಟಿರುವ ವಸ್ತುಸಂಗ್ರಹಾಲಯದಿಂದ ಒಬ್ಬ ಹುಡುಗಿ ಉಸಿರು ಕಟ್ಟಿಕೊಂಡು ಮಾತಾಡಿದಳು.

"ಹಬ್ಬದಲ್ಲಿ ಹುಟ್ಟಿದ ಮಗು ಸಿಕ್ಕಿಬಿಡ್ತು ಮಿಸ್ ಕ್ನಿಫಿನ್! ಭಾನುವಾರ ಬೆಳಿಗ್ಗೆ ವೇದಿಕೆ ಮೇಲಿಂದ ಕೂಗಿ ಹೇಳಿದ್ರಂತಲ್ಲ, 'ಕ್ನಿಫಿನ್ನರ ಕೊಟ್ಟಿಗೆಯಲ್ಲಿ ಹೆಣ್ಣಾಯ್ತು, ಹೆಸರು ಕ್ಲೋವರ್' ಅಂತ. ಆ ಕ್ಲೋವರೇ ಬರ್ತಿದಾರೆ. ಅವತ್ತು ಅಲ್ಲಿದ್ದೋರಲ್ಲಿ ಈಗ ಉಳಿದಿರೋರು ನೀವೊಬ್ರೇ. ನೀವು 'ಹೌದು' ಅಂದ್ರೆ ಸಾಕು, ಅವರ ಫೋಟೋ ಗೋಡೆಗೆ ಹಾಕ್ತೀವಿ. ಅವರು ಶುಕ್ರವಾರ ಬರ್ತಾರೆ, ನಾವು ಶನಿವಾರ ಕ್ಯಾಮೆರಾ ತರ್ತೀವಿ."

ಆರ್ಡಿತ್ ಫೋನಿಟ್ಟು ಅಡಿಗೆಮನೆಯ ಮೇಜಿನ ಹತ್ತಿರ ಬಂದು ಕೂತಳು.

"ಯಾರೇ ಅದು?" ಎಂದ ಮೆರಿಟ್.

"ಕ್ಲೋವರ್ ಬರ್ತಾಳಂತೆ."

ಮೆರಿಟ್ ಕಾಫಿ ಲೋಟ ಕೆಳಗಿಟ್ಟ. "ಅವಳನ್ನ ಸೇಬಿನ ಮರದ ಹಿಂದೆ ಹೂತಿದ್ದು ನಾನೇ ಅಲ್ವೇನೇ?"

ಹೂತದ್ದು ಅವನೇ. ಕ್ಲೋವರ್ ಎಂಬುದು ಒಂದು ಹಸು. ಹಬ್ಬದ ಮೂರನೆಯ ಬೆಳಗು, ಹೊಲವೆಲ್ಲ ಕೆಸರಾಗಿದ್ದ ಹೊತ್ತಿಗೆ, ಜೂನೋ ಎಂಬ ಹಸುವಿಗೆ ಅದು ಕರುವಾಗಿ ಹುಟ್ಟಿತ್ತು. ಹೈನು ಕಟ್ಟಿಕೊಂಡವರ ಬಾಯಲ್ಲಿ 'ಕರು' ಎಂಬ ಮಾತು ಅಪರೂಪ. ಹಸು ಈದರೆ 'ಹೆಣ್ಣಾಯ್ತು' ಎನ್ನುತ್ತಾರೆ, ಇಲ್ಲವೇ ಮುಖ ಸಣ್ಣದು ಮಾಡಿಕೊಂಡು 'ಗಂಡು' ಎಂದು ಸುಮ್ಮನಾಗುತ್ತಾರೆ. ಗಂಡು ಮಾರಾಟಕ್ಕೆ, ಹೆಣ್ಣು ಮನೆಗೆ. ಅವತ್ತು ಆರ್ಡಿತಳ ಅಪ್ಪ ಆರಿನ್ ಕ್ನಿಫಿನ್ ಮೊಣಕೈವರೆಗೆ ಒದ್ದೆಯಾದ ತೋಳುಗಳನ್ನು ಒರೆಸಿಕೊಳ್ಳುತ್ತ ಕೊಟ್ಟಿಗೆಯ ಬಾಗಿಲಿಗೆ ಬಂದ. ಬಾಗಿಲಲ್ಲಿ ಉದ್ದ ಕೂದಲಿನ ಹುಡುಗರ ಸಾಲಿತ್ತು. ದಾರಿಗಳೆಲ್ಲ ಕಾರುಗಳಿಂದ ಕಟ್ಟಿಹೋಗಿ ಹಾಲಿನ ಲಾರಿ ಬರುವಂತಿರಲಿಲ್ಲ. ಕರೆದ ಹಾಲನ್ನು ಚರಂಡಿಗೆ ಸುರಿಯಲು ಮನಸ್ಸೊಪ್ಪದೆ ಅವನು ಬಂದವರಿಗೆಲ್ಲ ಲೋಟದಲ್ಲಿ ಅಳೆದು ಹಾಕುತ್ತಿದ್ದ. ಸಾಲಿನ ಮೊದಲನೆಯವನಿಗೆ, "ಹೆಣ್ಣಾಯ್ತಪ್ಪ! ಕ್ಲೋವರ್ ಅಂತ ಇಟ್ಟಿದೀವಿ" ಎಂದ. ಹಸುಗಳಿಗೆ ಬಲು ಇಷ್ಟವಾದ ಹುಲ್ಲಿನ ಹೆಸರು ಅದು. ಆ ಹುಡುಗ ಆರಿನ್ನನನ್ನು ಬಿಗಿಯಾಗಿ ಅಪ್ಪಿಕೊಂಡು, ಹಾಲು ಕುಡಿಯುವುದನ್ನೂ ಮರೆತು ಗುಡ್ಡ ಇಳಿದು ಓಡಿದ.

ಸ್ವಲ್ಪ ಹೊತ್ತಿಗೆ ಧ್ವನಿವರ್ಧಕ ಗುಡುಗಿತು. ಕೆಳಗಿನ ಬಯಲಲ್ಲಿದ್ದ ಲಕ್ಷಾಂತರ ಜನ ಒಟ್ಟಿಗೆ ಕೂಗಿದರು. ಕೊಟ್ಟಿಗೆಯ ಗಾಜು ಅದುರಿತು. ಆರಿನ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ಕೇಳಿಸಿಕೊಂಡ. "ಒಂದು ಹಸುವಿನ ಮಗಳಿಗೆ ಇಷ್ಟು ಸಂತೋಷ ಪಡ್ತಾರಲ್ಲಮ್ಮ. ಈ ಮಕ್ಕಳನ್ನ ಕೆಟ್ಟೋರು ಅಂತಾರೆ" ಎಂದು ಮಗಳಿಗೆ ಹೇಳಿದ. ಅವರು ಕೂಗಿದ್ದು ಹಸುವಿನ ಮಗಳಿಗೆ ಎಂದೇ ನಂಬಿಕೊಂಡು ಅವನು ತೀರಿಕೊಂಡ. 'ಹಬ್ಬದಲ್ಲಿ ಹುಟ್ಟಿದ ಮಗು' ಎಂದು ಜನ ಹುಡುಕತೊಡಗಿದ ಎಷ್ಟೋ ವರ್ಷಗಳ ಮೇಲೆ ಆರ್ಡಿತಳಿಗೆ ಎಡವಟ್ಟು ಅರ್ಥವಾಯಿತು. ಆಗ ಅವಳು ಯಾರಿಗೂ ಹೇಳಲಿಲ್ಲ. ಯಾರೂ ಕೇಳಿರಲೂ ಇಲ್ಲ.

"ಈಗ ಕೇಳ್ತಿದಾರಲ್ಲ" ಎಂದಳು. "ಮೆರಿಟ್, ನಾನೇನ್ ಹೇಳ್ಲಿ?"

"ನನ್ನನ್ಯಾಕ್ ಕೇಳ್ತೀಯ? ಈ ಜಿಲ್ಲೇಲಿ ಆ ಹಬ್ಬಕ್ಕೆ ಹೋಗ್ದೇ ಇದ್ದ ಗಂಡಸು ನಾನೊಬ್ನೇ." ಮೆರಿಟ್ ಆ ಆಗಸ್ಟಿನಲ್ಲಿ ವಿಯೆಟ್ನಾಮ್ ಯುದ್ಧದ ಕೆಸರಿನಲ್ಲಿದ್ದ. "ಅಲ್ಲ ಕಣೇ, ಅವಳಿಗೆ ಸತ್ಯ ಹೇಳಿದ್ರೆ ಬೇಜಾರು. ಹೇಳ್ದಿದ್ರೆ ನಿನಗೆ ಭಾನುವಾರ ಚರ್ಚಲ್ಲಿ ಕೂರಕ್ಕಾಗಲ್ಲ. ನೀನು ಸುಳ್ಳು ಹೇಳ್ದಾಗ ಕಿವಿ ಕೆಂಪಾಗುತ್ತೆ, ಕ್ಯಾಮೆರಾದಲ್ಲಿ ಚೆನ್ನಾಗಿ ಬರುತ್ತೆ."

"ಸುಮ್ನಿರೋ."

ಶುಕ್ರವಾರ ಮಧ್ಯಾಹ್ನ ಕ್ಲೋವರ್ ವೀಲರ್ ಬಂದಳು. ಐವತ್ತು ದಾಟಿದ, ಅಗಲ ಭುಜದ, ಬೇಗ ನಗುವ ಹೆಂಗಸು. ಈರೀ ಎಂಬ ಊರಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಅಡಿಗೆ ಮಾಡುತ್ತಿದ್ದಳು. ಆರ್ಡಿತ್ ಜೋಳದ ತೆನೆ ಬೇಯಿಸಿ, ಟೊಮ್ಯಾಟೊ ಹೆಚ್ಚಿಟ್ಟಿದ್ದಳು. ಬಂದವಳು ಕೂರುವ ಮೊದಲೇ ತೆನೆಗಳಿಗೆ ಬೆಣ್ಣೆ ಸವರಿ ಎಲ್ಲರ ತಟ್ಟೆಗೆ ಹಂಚಿದಳು.

"ಕ್ಷಮಿಸಿ, ಅಭ್ಯಾಸ. ಬಡಿಸ್ದೇ ಉಣ್ಣಕ್ಕೆ ನಂಗ್ ಬರಲ್ಲ."

"ಪರ್ವಾಗಿಲ್ಲ ಬಿಡಮ್ಮ. ನಮ್ಮನೇಲಿ ಬಡಿಸೋರೇ ಇಲ್ಲ, ಇವಳು ತಟ್ಟೆ ಕುಕ್ಕಿ ಹೋಗ್ತಾಳೆ" ಎಂದ ಮೆರಿಟ್.

ಕ್ಲೋವರ್ ನಕ್ಕು, ಆಮೇಲೆ ನಗು ನಿಲ್ಲಿಸಿ ಕಿಟಕಿಯಾಚೆ ಕೊಟ್ಟಿಗೆಯ ಕಡೆ ನೋಡಿದಳು. ತಿನ್ನುವುದನ್ನು ಮರೆತು ನೋಡುತ್ತಲೇ ಇದ್ದಳು.

"ಅದೇನಾ?"

"ಅದೇ" ಎಂದಳು ಆರ್ಡಿತ್. ಅಷ್ಟು ಮಾತ್ರ ನಿಜವಾಗಿತ್ತು.

"ಅಮ್ಮ ಹೋದ ಮಾರ್ಚಲ್ಲಿ ತೀರ್ಕೊಂಡ್ಲು. ಅಪ್ಪ ಯಾರು ಅಂತ ಕೊನೇವರ್ಗೂ ಹೇಳ್ಲಿಲ್ಲ. ನಾನೂ ಕೇಳೋದು ಬಿಟ್ಬಿಟ್ಟೆ. ನಾವು ವ್ಯಾನಲ್ಲಿ ಬದುಕಿದೋರು, ಒಂದು ವರ್ಷ ಇದ್ದ ಊರಲ್ಲಿ ಇನ್ನೊಂದು ವರ್ಷ ಇಲ್ಲ. ಎಷ್ಟು ಸ್ಕೂಲು ಬದಲಾಯಿಸ್ದೆ ಅಂತ ನಂಗೇ ಗೊತ್ತಿಲ್ಲ. ಹೊಸ ಸ್ಕೂಲಲ್ಲಿ ಮಕ್ಕಳು ನೀನು ಯಾವೂರೋಳು ಅಂತ ಕೇಳಿದ್ರೆ ಅಮ್ಮ ಕಲಿಸಿದ್ದೊಂದೇ: ನಾನು ಹುಟ್ಟಿದಾಗ ಅರ್ಧ ದೇಶ ಚಪ್ಪಾಳೆ ತಟ್ತು. ಹಂಗಂದ್ರೆ ಸಾಕು, ಯಾರೂ ನಮ್ಮ ವ್ಯಾನ್ ನೋಡಿ ನಗ್ತಿರ್ಲಿಲ್ಲ." ಅವಳು ಕಾಗದದ ಕರವಸ್ತ್ರದಿಂದ ಬೆರಳು ಒರೆಸಿಕೊಂಡಳು. "ನನ್ನ ಹತ್ರ ಇರೋದು ಅದೊಂದೇ ನೋಡಿ. ಗೋಡೆ ಮೇಲಿನ ಫೋಟೋ ಬಂದ್ರೆ ಬರ್ಲಿ, ಇಲ್ದಿದ್ರೆ ಇಲ್ಲ. ಅವತ್ತು ಅಲ್ಲಿದ್ದೋರೊಬ್ರು 'ಹೌದಮ್ಮ, ನೀನು ಇಲ್ಲೇ ಹುಟ್ಟಿದ್ದು' ಅಂತ ನನ್ನ ಮುಖ ನೋಡಿ ಹೇಳ್ಬೇಕು. ಅಷ್ಟಕ್ಕೇ ಇಷ್ಟು ದೂರ ಬಂದೆ."

ಮೆರಿಟ್ ಎದ್ದು ಹೋಗಿ ಕಾಫಿ ಪಾತ್ರೆಯನ್ನು ಸುಮ್ಮನೆ ತೊಳೆಯತೊಡಗಿದ. ಆರ್ಡಿತ್ ಬಾಯಿ ತೆರೆದಳು. ಬೆಳಗಿನಿಂದ ಕಟ್ಟಿಟ್ಟುಕೊಂಡಿದ್ದ ಮಾತುಗಳು ನಾಲಿಗೆಯ ತುದಿಯಲ್ಲೇ ಇದ್ದವು: ನಿಮ್ಮ ಅಮ್ಮನಿಗೆ ಯಾರೋ ತಪ್ಪು ಹೇಳಿರಬೇಕು, ಅದು ನಮ್ಮ ಹಸುವಿನ ಕರು. ಮಾತುಗಳು ಎಷ್ಟು ಸಣ್ಣವಾಗಿದ್ದವೆಂದರೆ ಒಂದು ಚಮಚದಲ್ಲಿ ಹಿಡಿಯುತ್ತಿದ್ದವು.

"ಸಂಜೆ ಹಾಲು ಕರೆಯೋ ಹೊತ್ತಿಗೆ ಕರ್ಕೊಂಡ್ ಹೋಗ್ತೀನಿ" ಎಂದಳು. "ಅಲ್ಲೇ ಮಾತಾಡೋಣ."

ಊಟ ಮುಗಿದ ಮೇಲೆ ಕ್ಲೋವರ್ ಬಯಲು ನೋಡಲು ಹೋದಳು. ಆರ್ಡಿತ್ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತ ದೇವರೊಂದಿಗೆ ವಾದ ಮಾಡಿದಳು. ಸುಳ್ಳು ಹೇಳಲು ಅವಳಿಗೆ ಬಾರದು. ಆದರೆ ಒಬ್ಬಳ ಕೈಯಲ್ಲಿರುವ ಒಂದೇ ಒಂದು ತುಂಡು ರೊಟ್ಟಿಯನ್ನು ಕಿತ್ತುಕೊಳ್ಳುವುದಕ್ಕೂ ಬಾರದು. ಕೊನೆಯ ಬಟ್ಟೆ ತಂತಿಗೆ ಹಾಕುವ ಹೊತ್ತಿಗೂ ವಾದ ಮುಗಿದಿರಲಿಲ್ಲ.

ಕೊಟ್ಟಿಗೆಯಲ್ಲಿ ಈಗ ಹಸುಗಳು ಬೆರಳೆಣಿಕೆಯಷ್ಟು. ದೊಡ್ಡ ಹೈನಿನವರ ಮುಂದೆ ನಿಲ್ಲಲಾಗದೆ ಸುತ್ತಲಿನವರೆಲ್ಲ ಬಿಟ್ಟರೂ ಮೆರಿಟ್ ಹಟಕ್ಕೆ ಇಟ್ಟುಕೊಂಡವು. ಸಂಜೆಯ ಬಿಸಿಲು ಹಲಗೆಗಳ ಸಂದಿನಿಂದ ಓರೆಯಾಗಿ ಬಿದ್ದಿತ್ತು. ಕ್ಲೋವರ್ ಒಳಗೆ ಕಾಲಿಟ್ಟವಳು ಹಾಗೇ ನಿಂತಳು. ಚರ್ಚಿನೊಳಗೆ ಬಂದವರು ನಿಲ್ಲುವ ಹಾಗೆ, ಕೈ ಎಲ್ಲಿಡಬೇಕೆಂದು ತಿಳಿಯದೆ.

"ಯಾವ ಜಾಗ?" ಎಂದಳು ಮೆಲ್ಲನೆ.

"ಹೇಳ್ತೀನಿ. ಮೊದಲು ಇವಳನ್ನ ತೊಳೀಬೇಕು, ಕಾಯಿಸಿದ್ರೆ ರೇಗ್ತಾಳೆ." ಆರ್ಡಿತ್ ಬೇಕೆಂದೇ ತಡ ಮಾಡುತ್ತಿದ್ದಳು. ಬಕೆಟ್ಟು ತಂದು ಮೊದಲ ಹಸುವಿನ ಮಗ್ಗುಲಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಬಿಸಿನೀರಿನ ಬಟ್ಟೆಯಿಂದ ಕೆಚ್ಚಲು ಒರೆಸಿದಳು. ಕೈ ಕೆಲಸಕ್ಕೆ ಹತ್ತಿದೊಡನೆ ಬಾಯಿ ತಾನಾಗಿ ಅಪ್ಪ ಹಾಡುತ್ತಿದ್ದ ಪದ ಹಿಡಿಯಿತು. ಹಸು ಹಾಲು ಇಳಿಸಬೇಕಾದರೆ ಗೊತ್ತಿರುವ ದನಿ ಬೇಕು ಎನ್ನುತ್ತಿದ್ದ ಆರಿನ್. ಅರ್ಧ ಮಾತು ಅರ್ಧ ಹಾಡಿನಲ್ಲಿ, ಸಾಲಿನುದ್ದಕ್ಕೂ ಅದನ್ನೇ ಹೇಳುತ್ತ ಹೋಗುತ್ತಿದ್ದ. ಈಗಿನ ಹಸುಗಳ ಹೆಸರು ಬೇರೆಯಾದರೂ ಪದದಲ್ಲಿ ಹಳೆಯ ಹೆಸರುಗಳೇ ಉಳಿದಿದ್ದವು.

"ಇಳಿ ಬಾರೆ ಮೇಬೆಲ್, ಇಳಿ ಬಾರೆ ಜೂನೋ,
ಮೂಲೆಯ ಮರ್ಸಿಗೆ ಮೊದಲ ಮೇವು;
ಕೊಟ್ಟವನು ಕೊಡುತಾನೆ, ಕರೆದವರು ಕುಡಿಯಲಿ..."

ಅಲ್ಲಿಂದ ಮುಂದೆ ಅವಳು ಬರೀ ಗುನುಗಿದಳು. ನಾಲ್ಕನೆಯ ಸಾಲು ಅವಳಿಗೆ ಮರೆತುಹೋಗಿತ್ತು. ಒಂದು ಸಾಲು ಇತ್ತೆಂದು ಅವಳು, ಇರಲೇ ಇಲ್ಲವೆಂದು ಮೆರಿಟ್, ಅಪ್ಪ ಸತ್ತಂದಿನಿಂದ ಜಗಳವಾಡುತ್ತ ಬಂದಿದ್ದರು.

"ನೆನೆದು ಬಂದವರಿಗೂ ಇರಲಿ ತಾವು."

ಹೇಳಿದ್ದು ಕ್ಲೋವರ್. ಆರ್ಡಿತಳ ಕೈಯಲ್ಲಿದ್ದ ಬಟ್ಟೆ ನಿಂತಿತು. ಹಾಲಿನ ಕೊಳವೆ ಜೋಡಿಸುತ್ತಿದ್ದ ಮೆರಿಟ್ ತಲೆ ಎತ್ತಿದ.

"ಏನಂದೆ?" ಎಂದ.

"ಆ ಹೆಸರುಗಳು ನಿಮಗೆ ಹೆಂಗ್ ಗೊತ್ತು?" ಕ್ಲೋವರ್ ಎರಡು ಹೆಜ್ಜೆ ಮುಂದೆ ಬಂದಳು. "ಅದು ನಮ್ಮಮ್ಮನ ಜೋಗುಳ. ನಾನು ಬೇರೆ ಯಾರ ಬಾಯಲ್ಲೂ ಕೇಳಿಲ್ಲ! ಮೇಬೆಲ್, ಜೂನೋ, ಮರ್ಸಿ... ಅಮ್ಮನಿಗೆ ಹೆರಿಗೆ ಮಾಡಿಸಿದ್ದು ಅವರೇ. ಅಮ್ಮ ಹೇಳ್ತಿದ್ಲು, ಅಂಥ ಒಳ್ಳೇ ಹೆಂಗಸರನ್ನ ಎಲ್ಲೂ ನೋಡಿಲ್ಲ ಅಂತ. ಅವರಲ್ಲಿ ಯಾರಾದ್ರೂ ಇದಾರಾ?"

ಮೆರಿಟ್‌ಗೆ ನಗು ಬಂತು. ಅದನ್ನು ಕೆಮ್ಮಾಗಿ ತಿರುಗಿಸಿದ. "ಮೇಬೆಲ್ ಒಳ್ಳೇ ಹೆಂಗಸೇನಲ್ಲ. ನಮ್ಮಪ್ಪನ ಮಂಡಿ ಒದ್ದು ಮುರಿದಿದ್ಲು."

"ಮೆರಿಟ್, ಆಚೆ ಹೋಗು."

"ನಂದೇ ಕೊಟ್ಟಿಗೆ ಕಣೇ."

"ಹಂಗಾದ್ರೆ ಬಾಯಿ ಮುಚ್ಚು." ಆರ್ಡಿತ್ ಕೈ ಒರೆಸಿಕೊಂಡು ಎದ್ದಳು. ಒಂದು ಮುಖ ಅವಳಿಗೆ ನೆನಪಿಗೆ ಬರುತ್ತಿತ್ತು. ಆ ಹಬ್ಬದಲ್ಲಿ ಹಾದುಹೋದ ನೂರು ಮುಖಗಳಲ್ಲಿ ಒಂದಾಗಿ ಇಷ್ಟು ದಿನ ಕರಗಿಹೋಗಿದ್ದ ಮುಖ. "ನಿಮ್ಮಮ್ಮನ ಮುಂದಿನ ಹಲ್ಲು ಒಂಚೂರು ಮುರಿದಿತ್ತಾ? ನಗುವಾಗ ಬಾಯಿಗೆ ಕೈ ಅಡ್ಡ ಹಿಡೀತಿದ್ಲಾ?"

ಕ್ಲೋವರ್ ತನ್ನ ಕೈಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು.

"ಕೂತ್ಕೋ ಮಗಳೇ" ಎಂದು ಆರ್ಡಿತ್ ಹುಲ್ಲಿನ ಕಟ್ಟೊಂದನ್ನು ಎಳೆದಳು. "ನಾನು ಹೇಳೋದು ಮೊದಲು ನೋವಾಗುತ್ತೆ. ಪೂರ್ತಿ ಕೇಳ್ಬೇಕು, ನಡುವೆ ಎದ್ದು ಹೋಗ್ಬಾರ್ದು. ಹೋಗಲ್ಲ ಅಂತ ಹೇಳು."

"ಹೋಗಲ್ಲ."

"ಆ ಭಾನುವಾರ ಬೆಳಿಗ್ಗೆ ಇಲ್ಲಿ ಹುಟ್ಟಿದ್ದು ನೀನಲ್ಲ. ಅದೊಂದು ಕರು. 'ಹೆಣ್ಣಾಯ್ತು' ಅಂದಿದ್ದು ನಮ್ಮಪ್ಪ, ಹಸುವಿಗೆ. ಕೇಳಿದ ಹುಡುಗ ಮಗು ಅಂದ್ಕೊಂಡು ಓಡಿ ಹೋಗಿ ಹೇಳ್ಬಿಟ್ಟ. ಜೂನೋ ಅಂದ್ರೆ ಅದರ ತಾಯಿ. ಮೇಬೆಲ್ಲೂ ಮರ್ಸಿನೂ ಪಕ್ಕದ ಹಸುಗಳು."

ಹಸುವೊಂದು ಮೂತಿಯಿಂದ ಬಕೆಟ್ಟನ್ನು ತಳ್ಳಿತು.

"ನಾನು..." ಕ್ಲೋವರ್ ಹುಲ್ಲಿನ ಕಟ್ಟಿನ ಹುರಿಯನ್ನು ಬೆರಳಿಗೆ ಸುತ್ತಿಕೊಂಡಳು, ಬೆರಳು ಬೆಳ್ಳಗಾಗುವಷ್ಟು. "ಇಷ್ಟು ವರ್ಷ ನಾನು ಕರುವಿನ ಹುಟ್ಟುಹಬ್ಬ ಮಾಡ್ಕೊಂಡ್ನಾ? ಅಮ್ಮ ನಂಗೆ ಸುಳ್ಳು ಹೇಳಿದ್ಲಾ? ಅಮ್ಮ ಇಲ್ಲಿಗೆ ಬಂದೇ ಇರ್ಲಿಲ್ವಾ?"

"ಬಂದಿದ್ಲು! ಅದನ್ನೇ ಹೇಳಕ್ಕೆ ಹೊರಟಿದ್ದು. ಬಂದಿದ್ದಕ್ಕೇ ಆ ಪದ ನಿನ್ನ ಬಾಯಲ್ಲಿದೆ." ಆರ್ಡಿತ್ ಅವಳ ಪಕ್ಕದಲ್ಲೇ ಕೂತಳು. "ಶನಿವಾರ ಮಳೇಲಿ ನೆಂದು ಬಾಗಿಲಿಗೆ ಬಂದ್ಲು. ಕಂಬಳಿ ಹೊದ್ದಿದ್ಲು, ಒಳಗೆ ಇಷ್ಟು ದೊಡ್ಡ ಹೊಟ್ಟೆ. ಮನೇಗ್ ಬಾ ಅಂತ ನಮ್ಮಮ್ಮ ಕರೆದ್ರೆ ಬರ್ಲಿಲ್ಲ, ಕೆಸರಾಗುತ್ತೆ ಅಂದ್ಲು. ಹುಲ್ಲಿನ ಮೇಲೆ ಮಲಗಿದ್ಲು. ಜೂನೋ ಕಷ್ಟ ಪಡ್ತಿತ್ತು, ಕರುವಿನ ಕಾಲು ಅಡ್ಡ ಬಂದಿತ್ತು. ನಾನಿನ್ನೂ ಹುಡುಗಿ, ಲಾಂದ್ರ ಹಿಡ್ಕೊಂಡು ಅಳ್ತಾ ನಿಂತಿದ್ದೆ. ನಿಮ್ಮಮ್ಮ ಎದ್ದು ಬಂದು ನನ್ನ ಕೈಯಿಂದ ಲಾಂದ್ರ ಇಸ್ಕೊಂಡ್ಲು. ಬೆಳಗಾಗೋವರ್ಗೂ ಹಿಡಿದಿದ್ಲು. ಅಪ್ಪ ಹಸು ಬೆದರ್ದೇ ಇರ್ಲಿ ಅಂತ ಈ ಪದ ಹೇಳ್ತಾನೇ ಇದ್ರು, ಅವಳೂ ಕಲ್ತು ಜೊತೇಲಿ ಹೇಳಿದ್ಲು."

"ಕೊನೇ ಸಾಲು?" ಎಂದ ಮೆರಿಟ್. ಬಾಯಿ ಮುಚ್ಚಬೇಕಾದವನು ಕೊಳವೆಯನ್ನು ಕೈಯಲ್ಲೇ ಹಿಡಿದು ಹತ್ತಿರ ಬಂದಿದ್ದ.

ಆರ್ಡಿತ್ ಅಣ್ಣನನ್ನು ನೋಡಿದಳು. ಕೇಳಿದ ಮೇಲೆ ಅವಳಿಗೂ ಹೊಳೆಯಿತು. "ನೆನೆದು ಬಂದವರಿಗೂ ಇರಲಿ ತಾವು... ಅಪ್ಪ ಅದನ್ನ ಅವತ್ತು ಸೇರಿಸಿದ್ದು ಕಣೋ. ಮಳೇಲಿ ನೆಂದು ಬಂದೋಳಿಗೂ ಜಾಗ ಇರ್ಲಿ ಅಂತ, ಅವಳಿಗೋಸ್ಕರ. ನೀನು ವಾಪಸ್ ಬರೋ ಹೊತ್ತಿಗೆ ಬಿಟ್ಟಿದ್ರು. ಅದಕ್ಕೇ ನೀನು ಕೇಳೇ ಇಲ್ಲ."

ಮೆರಿಟ್ ಟೋಪಿಯನ್ನು ಹಿಂದಕ್ಕೆ ಸರಿಸಿ ಮತ್ತೆ ಮುಂದಕ್ಕೆ ಎಳೆದುಕೊಂಡ. "ಹಂಗಾದ್ರೆ ನಾನೂ ಸರಿ ಹೇಳ್ತಿದ್ದೆ" ಎಂದ. ಹಸುವಿನ ಕಡೆ ತಿರುಗುತ್ತ, "ನೀನೂ" ಎಂದು ಸೇರಿಸಿದ.

"ಧ್ವನಿವರ್ಧಕದಲ್ಲಿ ಕೂಗಿದಾಗ?" ಕ್ಲೋವರ್ ಕೇಳಿದಳು. "ಅಮ್ಮ ಇಲ್ಲೇ ಇದ್ಲಾ?"

"ಇಲ್ಲೇ. ಅವಳಿಗೆ ತಕ್ಷಣ ಅರ್ಥ ಆಯ್ತು ಅನ್ಸುತ್ತೆ. ಬಾಯಿಗೆ ಕೈ ಅಡ್ಡ ಹಿಡಿದು ನಕ್ಲು, ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಅಪ್ಪನಿಗೆ ಮಾತ್ರ ಏನೂ ಹೇಳ್ಲಿಲ್ಲ, ಅವರ ಖುಷಿ ನೋಡಿ. ಆಮೇಲೆ ಅಷ್ಟು ಜನರ ಕೂಗು ಕೇಳ್ತಾ ಕೇಳ್ತಾ ಎರಡೂ ಕೈ ಹೊಟ್ಟೆ ಮೇಲಿಟ್ಕೊಂಡು, 'ಕೇಳಿಸ್ತಾ ನಿಂಗೆ' ಅಂದ್ಲು. ನಂಗಲ್ಲ. ಒಳಗಿದ್ದೋಳಿಗೆ. ಸೋಮವಾರ ಸ್ನೇಹಿತರು ಬಂದು ಕರ್ಕೊಂಡ್ ಹೋದ್ರು, ಹೊಟ್ಟೆ ಹೊತ್ಕೊಂಡೇ ವ್ಯಾನ್ ಹತ್ತಿದ್ಲು. ನೀನು ಎಲ್ಲಿ ಹುಟ್ಟಿದ್ಯೋ ನಂಗೊತ್ತಿಲ್ಲ ಮಗಳೇ. ಇಲ್ಲಂತೂ ಅಲ್ಲ. ಇದನ್ನ ನಿನಗೆ ಬೇರೆ ಥರ ಹೇಳಕ್ಕೆ ನಂಗ್ ಬರಲ್ಲ."

ಕ್ಲೋವರ್ ಅತ್ತಳು. ದೊಡ್ಡದಾಗಿ ಅಲ್ಲ, ಒಲೆಯ ಮುಂದೆ ನಿಂತು ಅಳುವುದನ್ನು ಅಭ್ಯಾಸ ಮಾಡಿಕೊಂಡವರ ಹಾಗೆ, ಕೈ ಕೆಲಸ ನಿಲ್ಲಿಸದೆ. ಬೆರಳಿಗೆ ಸುತ್ತಿದ ಹುರಿಯನ್ನು ಬಿಚ್ಚಿ, ನೀಟಾಗಿ ಮಡಿಸಿ ಪಕ್ಕಕ್ಕಿಟ್ಟಳು.

"ಆ ಕರು ಬದುಕ್ತಾ?" ಎಂದು ಕೊನೆಗೆ ಕ್ಲೋವರ್ ಕೇಳಿದಳು.

"ಚೆನ್ನಾಗಿ ಬದುಕ್ತು" ಎಂದ ಮೆರಿಟ್, ಈ ಪ್ರಶ್ನೆಗೇ ಕಾದಿದ್ದವನಂತೆ. "ಒಳ್ಳೇ ಹಾಲು, ಕೆಟ್ಟ ಬುದ್ಧಿ. ಬೇಲಿ ನಿಲ್ಲಿಸ್ತಿರ್ಲಿಲ್ಲ. ಅದೋ, ಆ ಕೊನೇಲಿ ನಿಂತು ನಿನ್ನನ್ನೇ ದುರುಗುಟ್ಕೊಂಡು ನೋಡ್ತಿದಾಳಲ್ಲ, ಅವಳ ವಂಶದೋಳೇ, ಕ್ಯಾರಮೆಲ್. ಆ ಕ್ಲೋವರಿಂದಾಚೆಗೆ ನಮ್ಮಲ್ಲಿ ತಾಯಿಯ ಮೊದಲ ಅಕ್ಷರವೇ ಮಗಳಿಗೆ. ಕ್ಲೋವರ್, ಕ್ಲೆಮೆಂಟೈನ್, ಕೋರಾ, ಹಂಗೇ ಇಳ್ಕೊಂಡ್ ಬಂದಿದೆ."

"ನನ್ನ ಮಗಳು ಕ್ಯಾಲಿ."

"ಅಕ್ಷರ ಸರಿಯಾಗಿದೆ" ಎಂದ ಮೆರಿಟ್ ಗಂಭೀರವಾಗಿ.

ಕ್ಲೋವರ್ ನಕ್ಕಳು, ಕೈ ತಾನಾಗಿ ಬಾಯಿಗೆ ಅಡ್ಡ ಬಂತು. ಅಡ್ಡ ಬಂದ ಕೈಯನ್ನು ಅವಳೇ ಕಂಡು, ಕೆಳಗಿಳಿಸಿದಳು.

"ನಾಳೆ ಕ್ಯಾಮೆರಾ ತರ್ತಾರಲ್ಲ" ಎಂದಳು ಆರ್ಡಿತ್. "ಬೇಡ ಅಂದ್ರೆ ಈಗಲೇ ಫೋನ್ ಮಾಡ್ತೀನಿ. ನನಗೆ ಮೈ ಸರಿಯಿಲ್ಲ ಅಂತ... ಅಲ್ಲ, ಅದೂ ಸುಳ್ಳಾಗುತ್ತೆ. ಬೇಡವಂತೆ ಅಂತ ಹೇಳ್ತೀನಿ."

"ಕಿವಿ ಆಗ್ಲೇ ಕೆಂಪಾಯ್ತು ನೋಡಮ್ಮ" ಎಂದ ಮೆರಿಟ್.

ಅಷ್ಟರಲ್ಲಿ ಮೊದಲ ಹಸುವಿಗೆ ಕೊಳವೆ ಹಾಕಿಯಾಯಿತು, ಹಾಲು ಕರೆಯುವ ಯಂತ್ರ ಮೆಲ್ಲಗೆ ಉಸಿರಾಡತೊಡಗಿತು.

"ತರ್ಲಿ" ಎಂದಳು ಕ್ಲೋವರ್. "ಹಸುವಿನ ಫೋಟೋ ಹಾಕ್ಕೊಳ್ಳಿ ಅಂತೀನಿ. ಹಾಕಲ್ಲ ಅಂದ್ರೆ ಬಿಡ್ಲಿ. ಆ ಪದ ಮಾತ್ರ ನಾನೇ ಹೇಳ್ತೀನಿ, ಕೊನೇ ಸಾಲಿನವರ್ಗೂ." ಎದ್ದು ಸಾಲಿನುದ್ದಕ್ಕೂ ನೋಡಿದಳು. ಬಂದಾಗ ಕೇಳಿದ 'ಯಾವ ಜಾಗ' ಎಂಬ ಪ್ರಶ್ನೆ ಅವಳ ಬಾಯಲ್ಲಿ ಮತ್ತೆ ರೂಪುಗೊಳ್ಳುತ್ತಿದ್ದುದನ್ನು ಆರ್ಡಿತ್ ಕಂಡಳು. ಆದರೆ ಹೊರಗೆ ಬಂದದ್ದು ಬೇರೆಯೇ ಪ್ರಶ್ನೆ.

"ಅಮ್ಮ ಲಾಂದ್ರ ಹಿಡ್ಕೊಂಡು ಎಲ್ಲಿ ನಿಂತಿದ್ಲು?"

ಆರ್ಡಿತ್ ಕೊನೆಯ ಕಂಬದ ಹತ್ತಿರ, ಕ್ಯಾರಮೆಲ್ ಕಟ್ಟಿದ್ದ ಜಾಗದ ಎಡಕ್ಕೆ ಬೆರಳು ತೋರಿಸಿದಳು. ಕ್ಲೋವರ್ ಹೋಗಿ ಅಲ್ಲಿ ನಿಂತಳು. ಬೆಳಕು ಹಿಡಿದವರ ಹಾಗೆ ಒಂದು ಕೈ ತುಸು ಮೇಲೆತ್ತಿ, ಇನ್ನೊಂದನ್ನು ಹೊಟ್ಟೆಯ ಮೇಲಿಟ್ಟುಕೊಂಡಳು. ಆರ್ಡಿತ್ ಎರಡನೆಯ ಹಸುವಿನ ಬಳಿ ಕೂತು ಪದವನ್ನು ಮೊದಲಿನಿಂದ ಹಿಡಿದಳು. ಮೂರನೆಯ ಸಾಲು ಮುಗಿದಾಗ ಅವಳು ಗುನುಗಲಿಲ್ಲ. ನಾಲ್ಕನೆಯದನ್ನು ಕೊಟ್ಟಿಗೆಯ ಆ ತುದಿಯಿಂದ ಕ್ಲೋವರ್, ಈ ತುದಿಯಿಂದ ಅವಳು, ನಡುವಿನಿಂದ ಮೆರಿಟ್, ಮೂವರೂ ಸೇರಿ ಹೇಳಿದರು.

"ಇನ್ನೊಂಚೂರು ಆಚೆ ನಿಂತ್ಕೋ ಮಗಳೇ" ಎಂದು ಮೆರಿಟ್ ಕೂಗಿದ. "ನೆಂಟಸ್ತನ ನೋಡಲ್ಲ ಆ ಕ್ಯಾರಮೆಲ್ಲು, ಒದೀತಾಳೆ."